ಲಕೋಟೆಯ ದಪ್ಪ: ಒಂದು ಶಾಸ್ತ್ರವಿಚಾರ

ಅಮೆರಿಕದಲ್ಲಿ ದುಡಿಯುವವರ ಸಂಬಳದಿಂದ ಮುರಿದುಕೊಂಡ ಸೋಷಿಯಲ್ ಸೆಕ್ಯುರಿಟಿ ತೆರಿಗೆಯ ಬಲದ ಮೇಲೆ, ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಕೆಲಸ ಮಾಡಲಾಗದೆ ಹೋದವರಿಗೆ ಮಾಸಾಶನ ಕೊಡುವ ಕಾನೂನು 1956ರಲ್ಲಿ ಬಂದಿತು. ಅಲ್ಲಿ ನೆಲೆಸಿ ಸಾಕಷ್ಟು ವರ್ಷ ಆ ತೆರಿಗೆ ತೆತ್ತ ಕನ್ನಡಿಗರೂ, ಪ್ರಸ್ತುತ ಪ್ರಬಂಧದ ಕರ್ತೃವೂ ಸೇರಿದಂತೆ, ಅದಕ್ಕೆ ಅರ್ಜಿ ಹಾಕಬಹುದು. ಅರ್ಜಿ ತಿರಸ್ಕೃತವಾದರೆ ಮರುಪರಿಶೀಲನೆ, ಅದೂ ಬಿದ್ದುಹೋದರೆ ಆಡಳಿತ ನ್ಯಾಯಾಧೀಶರ, ಅಂದರೆ ಕೋರ್ಟಿನವರಲ್ಲದೆ ಇಲಾಖೆಗೇ ಸೇರಿದ ನ್ಯಾಯಾಧೀಶರ, ಮುಂದೆ ವಿಚಾರಣೆ. ವಿಚಾರಣೆ ಬೇಗ ಮುಗಿಯುತ್ತದೆ. ತೀರ್ಪನ್ನು ಮಾತ್ರ ಸಾಮಾನ್ಯವಾಗಿ ಅಲ್ಲಿಯೇ ಹೇಳದೆ, ಬರೆದು ಅಂಚೆಗೆ ಹಾಕುತ್ತಾರೆ.

ಈ ನಡುಗಾಲದಲ್ಲಿ ಅರ್ಜಿದಾರರು ಬೆಳೆಸಿರುವ ಶಾಸ್ತ್ರವೊಂದಿದ್ದು, ಅದರಲ್ಲಿ ಎರಡು ಮತಗಳಿವೆ. ಒಪ್ಪುವ ನ್ಯಾಯಾಧೀಶರಿಗೆ ಹೆಚ್ಚು ಬರೆಯುವ ಗರಜಿಲ್ಲ, ನಿರಾಕರಿಸುವವರು ಮಾತ್ರ ಮುಂದಿನ ಮೇಲ್ಮನವಿಯನ್ನು ನೆನೆದು ಪುಟಗಟ್ಟಲೆ ಕಾರಣ ಕೊಡುತ್ತಾರೆ, ಆದ್ದರಿಂದ ತೆಳು ಲಕೋಟೆಯೇ ಶುಭ ಎಂಬುದು ತೆಳುವಾದಿಗಳ ಸಿದ್ಧಾಂತ. ಮಂಜೂರಾದವರಿಗೆ ಫಾರಂಗಳನ್ನೂ ತುರುಕಿ ಕಳಿಸುವುದರಿಂದ ದಪ್ಪವೇ ಶುಭ ಎಂಬುದು ದಪ್ಪವಾದಿಗಳ ಖಂಡನೆ. ಕರ್ತೃವು ಬೆಳಗಿನ ಹೊತ್ತು ತೆಳುವಾದಿಯೂ ಸಂಜೆಯ ಹೊತ್ತು ದಪ್ಪವಾದಿಯೂ ಆಗಿದ್ದು, ನಿದ್ದೆ ಬಾರದ ರಾತ್ರಿಗಳಲ್ಲಿ ಎರಡರ ಸಮನ್ವಯಕ್ಕೆ ಯತ್ನಿಸುತ್ತಿದ್ದನು.

ಈ ಶಾಸ್ತ್ರಕ್ಕೆ ಪ್ರತ್ಯಕ್ಷಪ್ರಮಾಣವನ್ನು ಒದಗಿಸಿದ್ದು ಆ ದೇಶದ ಅಂಚೆಯವರೇ: ಹೆಸರು ನೋಂದಾಯಿಸಿದವರಿಗೆ, ಅಂದು ಬರಲಿರುವ ಲಕೋಟೆಗಳ ಮುಖದ ಕಪ್ಪುಬಿಳುಪು ಚಿತ್ರವನ್ನು ಬೆಳಿಗ್ಗೆಯೇ ಇಮೇಲಿನಲ್ಲಿ ಕಳಿಸುವ ಸೌಲಭ್ಯವಿದೆ. ಚಿತ್ರ ಮುಖದ್ದಾದ್ದರಿಂದ ಅದರಲ್ಲಿ ದಪ್ಪ ತಿಳಿಯದು ಎಂಬುದು ಸಾಮಾನ್ಯ ಜನರ ಅಭಿಪ್ರಾಯ. ಕರ್ತೃವಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ಬೆಳಿಗ್ಗೆ ಬಂದ ಬೂದು ಲಕೋಟೆಯೊಂದನ್ನು ಆತನು ಪರದೆಯ ಮೇಲೆ ಹಿಗ್ಗಿಸಿ, ಹಿಗ್ಗಿಸಿ, ಅಕ್ಷರಗಳು ಚೌಕಗಳಾಗಿ ಒಡೆಯುವವರೆಗೂ ಹಿಗ್ಗಿಸಿ, ಬಲ ಅಂಚಿನಲ್ಲಿದ್ದ ನೆರಳಿನ ಗೆರೆಯಿಂದ ಒಳಗಿನ ಹಾಳೆಗಳನ್ನು ಊಹಿಸಿದನು. ವಿಳಾಸದ ಕಿಟಕಿ ತುಸು ಓರೆಯಾಗಿರುವುದರಿಂದ ಒಳಗಿನ ಕಾಗದ ಬಿಗಿಯಾಗಿ ಕೂತಿಲ್ಲ, ಅಂದರೆ ಹಾಳೆ ಕಡಿಮೆ, ಅಂದರೆ ಗೆಲುವು ಎಂದು ಅನುಮಾನಪ್ರಮಾಣದಿಂದ ಸಾಧಿಸಿದನು. ಹೋಲಿಕೆಗೆಂದು ಹಳೆಯ ವಿಮಾ ಪತ್ರವೊಂದನ್ನು ಸ್ಕೇಲಿನಿಂದ ಅಳೆದನು. ಮನೆಯಾಕೆಯನ್ನು ಕರೆದು ತೋರಿಸಿದಾಗ, ಆಕೆ ಹಿಗ್ಗಿಸದೆಯೇ ನೋಡಿ, “ಇದು ಹಲ್ಲಿನ ಡಾಕ್ಟರದ್ದು ಕಣ್ರೀ” ಎಂದರೂ, ಮುಚ್ಚುಮರೆಗಾಗಿ ಇಲಾಖೆಗಳು ಹೀಗೂ ಮಾಡಬಹುದೆಂಬ ಪೂರ್ವಪಕ್ಷವನ್ನು ಹೂಡಿ, ಅಂಚೆಯವನು ಬರುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ. ಲಕೋಟೆ ಹಲ್ಲಿನ ಡಾಕ್ಟರದ್ದೇ ಆಗಿತ್ತು.

ಇಲ್ಲಿ ಕಾನೂನಿನ ತೊಡಕೊಂದು ಏಳುತ್ತದೆ. ಎಂಟು ಗಂಟೆಯ ದಿನದಲ್ಲಿ ಸುಮಾರು ಆರು ಗಂಟೆ ಕುಳಿತು, ಹತ್ತು ಪೌಂಡಿಗಿಂತ ಹೆಚ್ಚು ಎತ್ತದೆ ಮಾಡುವ ದುಡಿಮೆಯನ್ನು ‘ಕುಳಿತು ಮಾಡುವ ಕೆಲಸ’ ಎಂದು ವರ್ಗೀಕರಿಸುತ್ತಾರೆ. ವಿಚಾರಣೆಗೆ ಬರುವ ಉದ್ಯೋಗತಜ್ಞರು, ಅಂದರೆ ಅರ್ಜಿದಾರನಿಂದ ಇನ್ನೂ ಯಾವ ಕೆಲಸ ಸಾಧ್ಯವೆಂದು ಸಾಕ್ಷಿ ಹೇಳುವವರು, 1991ರ ನಂತರ ಪರಿಷ್ಕರಣೆ ಕಾಣದ ವೃತ್ತಿಕೋಶವೊಂದನ್ನು ಆಧರಿಸಿ, ಕಾಯಿಬೀಜ ಆರಿಸುವವನು, ಮರದ ಗೂಟ ಪರೀಕ್ಷಿಸುವವನು ಮುಂತಾದ ಹುದ್ದೆಗಳನ್ನು ಹೆಸರಿಸುತ್ತ ಬಂದರು. ಆ ಕೋಶದ ನೂರಕ್ಕೂ ಮಿಕ್ಕ ವೃತ್ತಿಗಳು ದೇಶದಲ್ಲಿ ಇದ್ದರೂ ಅತಿ ವಿರಳವೆಂದು ಇಲಾಖೆ ಒಪ್ಪಿದ್ದು 2024ರಲ್ಲಿ. ಗೂಟ ಪರೀಕ್ಷಿಸುವುದೇ ಉದ್ಯೋಗವಾದರೆ, ಇಷ್ಟು ಏಕಾಗ್ರತೆಯಿಂದ ಲಕೋಟೆ ಪರೀಕ್ಷಿಸುವವನನ್ನು ಅಶಕ್ತನೆಂದು ಯಾವ ನ್ಯಾಯಾಧೀಶರು ನಂಬಿಯಾರು ಎಂಬ ಭಯದಿಂದ, ಕರ್ತೃವು ಆ ದಿನದಿಂದ ಕಿಟಕಿಯ ಪರದೆಗಳನ್ನು ಎಳೆದುಕೊಂಡು ಸಂಶೋಧನೆ ಮುಂದುವರಿಸಿದನು.

“ನೋಡೋಕೆ ಚೆನ್ನಾಗೇ ಇದ್ದೀಯಲ್ಲೋ” ಎಂದು ಫೋನಿನಲ್ಲಿ ಮುಖ ಕಂಡೊಡನೆ ತೀರ್ಪು ಕೊಡುವ ಬಂಧುಗಳಿಗೆ ಇಲಾಖೆಯ ವಿಳಂಬರೋಗ ಅಂಟಿಲ್ಲವೆಂಬುದನ್ನು ಒಪ್ಪಬೇಕು. ಕರ್ತೃವಿನ ಬೆನ್ನುಮೂಳೆಯ ಕಾಯಿಲೆ ಕ್ಯಾಮೆರಾಕ್ಕೆ ಕಾಣದು. ಇಲಾಖೆಯ ವಿಳಂಬಕ್ಕೋ ಲೆಕ್ಕವಿದೆ: ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ಎಣಿಸಿದಂತೆ, 2008ರಿಂದ 2019ರವರೆಗೆ ಮೇಲ್ಮನವಿ ಸಲ್ಲಿಸಿದವರಲ್ಲಿ 1,09,725 ಜನರು ಅಂತಿಮ ತೀರ್ಪು ಬರುವ ಮೊದಲೇ ಸತ್ತರು. ಅವರ ಮನೆಗಳಿಗೆ ಲಕೋಟೆ ಬಂದಾಗ ಅದರ ದಪ್ಪವನ್ನು ಯಾರು ನೋಡಿದರೋ.

ಕರ್ತೃವಿನ ತೀರ್ಪು ಕೊನೆಗೆ ಬಂತು, ಅನುಕೂಲವಾಗಿಯೇ ಬಂತು, ಅಂಚೆಯ ಚಿತ್ರವನ್ನು ತೆರೆದು ನೋಡದ ದಿನ ಬಂತು. ಆದರೆ ಹಣ ಎಷ್ಟು, ಯಾವ ತಿಂಗಳಿನಿಂದ ಎಂಬುದನ್ನು ತೀರ್ಪಿನಲ್ಲಿ ಹೇಳುವುದಿಲ್ಲ. ಅದಕ್ಕೆ ಮಂಜೂರಾತಿ ಪತ್ರವೆಂಬ ಮತ್ತೊಂದು ಕಾಗದ ಬೇರೊಂದು ಲಕೋಟೆಯಲ್ಲಿ ಬರಬೇಕು, ಮತ್ತು ಅದು ತೆಳುವೋ ದಪ್ಪವೋ ಎಂಬ ಬಗ್ಗೆ ಎರಡೂ ಮತದವರು ಈವರೆಗೆ ಏನನ್ನೂ ಹೇಳಿಲ್ಲವಾಗಿ, ಆ ಕ್ಷೇತ್ರದಲ್ಲಿ ಮೂಲ ಸಂಶೋಧನೆಗೆ ಅವಕಾಶವಿದೆ.