ಗೌತಮ ನಗರದ ಗೋಡೆ ಶಾಸನ: ಪಾಠ, ಪದರ ಮತ್ತು ಶಾಪಾಶಯ

ಕನ್ನಡ ಶಾಸನಗಳು ಕಲ್ಲಿನಲ್ಲಿವೆ, ತಾಮ್ರದಲ್ಲಿವೆ. ಸೆಲ್ಲೋಟೇಪಿನಲ್ಲಿ ಇರುವುದನ್ನು ವಿದ್ವಾಂಸರು ಈವರೆಗೆ ಕಣ್ಣೆತ್ತಿ ನೋಡಿಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲೇ ಹೊರಬಂದರೂ ಆ ಮಾಲೆ ಬಾಡಿಗೆ ಕೋಣೆಯ ಗೋಡೆಗಳ ತನಕ ಬರಲಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ.

ದೊರೆತ ಸ್ಥಳ: ದೆಹಲಿಯ ಗೌತಮ ನಗರ, ಮೂರನೇ ಮಹಡಿ, ಪಡುವಣ ಗೋಡೆ. ಬರೆಯಿಸಿದವನೂ ಬರೆದವನೂ ಒಬ್ಬನೇ, ದಾವಣಗೆರೆ ಸೀಮೆಯವನು. ಬಿಷ್ಕೆಕ್‌ನಲ್ಲಿ ವೈದ್ಯಪದವಿ ಮುಗಿಸಿ, ಇಲ್ಲಿ ವೈದ್ಯನಾಗಲು ಕಟ್ಟಲೇಬೇಕಾದ ಎಫ್‌ಎಂಜಿಇ ಪರೀಕ್ಷೆಗೆ ಓದಲು ಬಂದವನು. ಹಾಳೆಗಳ ಹಿಂಬದಿಯಲ್ಲಿ ಸಿರಿಲಿಕ್ ಲಿಪಿಯ ಯಾವುದೋ ಅರ್ಜಿ ನಮೂನೆ ಇರುವುದರಿಂದ ದಾವಣಗೆರೆಗೂ ಕಿರ್ಗಿಸ್ತಾನಕ್ಕೂ ಪ್ರಾಚೀನ ವ್ಯಾಪಾರ ಸಂಪರ್ಕವಿತ್ತೆಂದು ಧಾರಾಳವಾಗಿ ಊಹಿಸಬಹುದು.

ಸದರಿ ಪರೀಕ್ಷೆ 2002ರಿಂದ ನಡೆದುಬಂದಿದೆ. ವರ್ಷಕ್ಕೆ ಎರಡು ಸಲ, 300 ಪ್ರಶ್ನೆ, 150 ಸರಿಯಾದರೆ ಪಾಸು, ತಪ್ಪು ಬರೆದರೆ ಅಂಕ ಕಡಿತವಿಲ್ಲ. ಇಷ್ಟು ಉದಾರ ಶರತ್ತುಗಳಿದ್ದೂ ಬರೆದವರಲ್ಲಿ ಬಹುಪಾಲು ಜನ ಪ್ರತಿ ಸಲವೂ ಏಕೆ ಹಿಂದಿರುಗುತ್ತಾರೆ? ಬೋಧನೆ ಸರಿಯಿಲ್ಲ, ರೋಗಿಯನ್ನು ಮುಟ್ಟಿ ನೋಡಿಲ್ಲ, ಭಾಷೆ ತೊಡಕು ಎಂದೆಲ್ಲ ಪಂಡಿತರು ಕಾರಣ ಕೊಡುತ್ತಾರೆ. ಇರಬಹುದು. ಆದರೆ ಅವರಾರೂ ಗೋಡೆ ನೋಡಿದವರಲ್ಲ.

ಗೋಡೆಯಲ್ಲಿ ನಾಲ್ಕು ಪದರಗಳಿವೆ. ತೀರ ಕೆಳಗಿನದು ಆರು ತಿಂಗಳ ವೇಳಾಪಟ್ಟಿ; ಅದರ ಮೇಲೆ ತೊಂಬತ್ತು ದಿನದ್ದು, ನಲವತ್ತು ದಿನದ್ದು, ಎಲ್ಲಕ್ಕೂ ಮೇಲೆ ಹನ್ನೆರಡು ದಿನದ್ದು. ಮೊದಲನೆಯದನ್ನು ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಬಣ್ಣದ ಶಾಯಿಯಲ್ಲಿ ಬರೆದಿದೆ. ಇದಕ್ಕೆ ಮೂರು ದಿನ ಹಿಡಿದಿರಬೇಕು. ಆ ಮೂರು ದಿನಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಕೊನೆಯದನ್ನು ಪೆನ್ಸಿಲಿನಲ್ಲಿ ಗೀಚಿದೆ. ವಿಜಯನಗರೋತ್ತರ ಕಾಲದ ಶಿಲ್ಪದಲ್ಲೂ ಅವನತಿ ಇಷ್ಟು ಬೇಗ ಆಗಿಲ್ಲ.

ಶಾಸನಾರಂಭದಲ್ಲಿ ದೇವತಾಸ್ತುತಿ ಇರಬೇಕಾದಲ್ಲಿ ‘ನಾಳೆಯಿಂದ ಪಕ್ಕಾ’ ಎಂದಿದೆ. ಶಕವರ್ಷ, ತಿಥಿ, ನಕ್ಷತ್ರ ಯಾವುದೂ ಇಲ್ಲದ ಕಾರಣ ಈ ‘ನಾಳೆ’ಯ ಕಾಲನಿರ್ಣಯ ದುಸ್ತರ. ನಾಲ್ಕೂ ಪದರಗಳಲ್ಲಿ ಅದೇ ವಾಕ್ಯ ಇರುವುದು ನೋಡಿದರೆ ಅದು ತೇದಿಯಲ್ಲ, ಬಿರುದು. ಸರ್ಕಾರಿ ಮೂಲದಲ್ಲೂ ಇದಕ್ಕೆ ಸಮಾನಾಂತರ ಸಿಗುತ್ತದೆ. ಈ ಪರೀಕ್ಷೆಯ ಬದಲಿಗೆ ‘ನೆಕ್ಸ್ಟ್’ ಎಂಬ ಒಂದೇ ಪರೀಕ್ಷೆಯನ್ನು ಮೂರು ವರ್ಷದೊಳಗೆ ಜಾರಿಗೆ ತರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಹೇಳಿತ್ತು. 2023ರಲ್ಲಿ ಅದನ್ನು ಮುಂದೂಡಲಾಯಿತು. ಆಯೋಗದ ಗೋಡೆಯಲ್ಲಿ ಎಷ್ಟು ಪದರಗಳಿವೆಯೋ, ಉತ್ಖನನಕ್ಕೆ ಅನುಮತಿ ಸಿಕ್ಕಿಲ್ಲ.

ಇನ್ನು ದತ್ತಿಯ ವಿಚಾರ; ಶಾಸನದ ಜೀವಾಳ ಇಲ್ಲಿದೆ. ದೊರೆಯು ತನ್ನ ದಿನಗಳನ್ನು ಹತ್ತೊಂಬತ್ತು ವಿಷಯಗಳಿಗೆ ಉಂಬಳಿ ಬಿಟ್ಟಿದ್ದಾನೆ. ಮೊದಲ ಪದರದಲ್ಲಿ ಅನಾಟಮಿಗೆ ಇಪ್ಪತ್ತೈದು ದಿನ. ಪರೀಕ್ಷೆಯಲ್ಲಿ ಅನಾಟಮಿಗಿರುವುದು 17 ಅಂಕ. ಸಮುದಾಯ ವೈದ್ಯಶಾಸ್ತ್ರಕ್ಕೆ, ಅಂದರೆ ಹುಡುಗರು ಪಿಎಸ್‌ಎಂ ಎನ್ನುವುದಕ್ಕೆ, 30 ಅಂಕ; ಅದಕ್ಕೆ ಎರಡು ದಿನ. ಎರಡನೇ ಪದರದಲ್ಲಿ ಅದು ಒಂದು ಸಂಜೆಯಾಗಿದೆ. ಮೂರನೆಯದರಲ್ಲಿ ಅಂಚಿನತ್ತ ಹೋಗುವ ಒಂದು ಬಾಣದ ಗುರುತು. ನಾಲ್ಕನೆಯದರಲ್ಲಿ ‘ವಿಡಿಯೋ, 2x’ ಎಂದಷ್ಟೇ ಇದೆ. ಅನಾಟಮಿ ಮಾತ್ರ ನಾಲ್ಕೂ ಕಡೆ ಮೊದಲ ಸಾಲಿನಲ್ಲಿ ಪಟ್ಟವೇರಿ ಕುಳಿತಿದೆ, ಏಕೆಂದರೆ ಎಂಬಿಬಿಎಸ್ ಮೊದಲ ವರ್ಷದಲ್ಲಿ ಅದೇ ಮೊದಲು. ಹೀಗಾಗಿ ನಮ್ಮ ದೊರೆ ತಲೆಬುರುಡೆಯ ರಂಧ್ರಗಳನ್ನು ನಾಲ್ಕು ಸಲ ದಾಟಿದ್ದಾನೆ. ಲಸಿಕೆಯ ವೇಳಾಪಟ್ಟಿಯನ್ನು, ತನ್ನ ವೇಳಾಪಟ್ಟಿಯ ದೆಸೆಯಿಂದ, ಒಮ್ಮೆಯೂ ತಲುಪಿಲ್ಲ.

ಗಣಿತಪ್ರಿಯ ಓದುಗರಿಗಾಗಿ: ಮೆಡಿಸಿನ್ 33, ಸರ್ಜರಿ 32, ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) 30, ಪಿಎಸ್‌ಎಂ 30. ನಾಲ್ಕೇ ವಿಷಯಕ್ಕೆ 125. ಮಕ್ಕಳ ವಿಭಾಗ, ಕಣ್ಣು, ಕಿವಿ-ಮೂಗು-ಗಂಟಲು ತಲಾ 15 ಸೇರಿದರೆ 170. ಈ ಏಳೂ ಪಟ್ಟಿಯ ಕೆಳ ಅರ್ಧದಲ್ಲಿವೆ. ಕೆಳ ಅರ್ಧದ ಕಾಗದ ಹೊಚ್ಚ ಹೊಸದರಂತೆ ಬೆಳ್ಳಗಿದೆ; ಬೆರಳಿನ ಕಲೆಯಿಲ್ಲ, ಟಿಕ್ ಗುರುತಿಲ್ಲ. ‘ಪಟ್ಟಿಯನ್ನು ತಲೆಕೆಳಗಾಗಿ ಅಂಟಿಸಬಾರದಿತ್ತೇ?’ ಎಂದು ಪೂರ್ವಪಕ್ಷದವರು ಕೇಳುವುದುಂಟು. ಆಗ ಅನಾಟಮಿ ಓದದೆ ಸರ್ಜರಿ ಹೇಗೆ ಅರ್ಥವಾಗುತ್ತದೆ ಎಂಬ ಅಪರಾಧಪ್ರಜ್ಞೆ ಹುಟ್ಟಿ ದೊರೆ ಮತ್ತೆ ಮೊದಲಿಗೇ ಬರುತ್ತಾನೆ ಎಂಬುದು ಸಿದ್ಧಾಂತ.

ಶಾಪಾಶಯವೂ ಉಂಟು. ‘ಈ ಪಟ್ಟಿಗೆ ತಪ್ಪಿದವನು ಫೋನ್ ಮುಟ್ಟತಕ್ಕದ್ದಲ್ಲ’ ಎಂದು ಮೊದಲ ಪದರದ ಕೊನೆಗೆ ಕೆಂಪಕ್ಷರದಲ್ಲಿದೆ. ಪಾಠಗಳೆಲ್ಲ ಫೋನಿನಲ್ಲೇ ಇದ್ದುದರಿಂದ ಶಾಪ ಫಲಿಸಿತು.

ಈ ಶಾಸನಕ್ಕೆ ಒಂದು ತಾಮ್ರಪಟ ಪ್ರತಿಯೂ ಇದೆ: ದಾವಣಗೆರೆಯಲ್ಲಿ, ತಂದೆಯ ಮೊಬೈಲಿನಲ್ಲಿ. ‘ಅಪ್ಪಾಜಿ ಟೈಂಟೇಬಲ್ ಫೋಟೋ ಕೇಳ್ತಿದಾರೆ, ಕಳ್ಸಪ್ಪ’ ಎಂದು ತಾಯಿ ಹೇಳಿದ ಮೇಲೆ ಹೋದದ್ದು. ನಾಲ್ಕು ಬಣ್ಣಗಳ ರಹಸ್ಯ ಇಲ್ಲಿ ಬಯಲಾಗುತ್ತದೆ. ಮೊದಲ ಪದರ ಓದುವುದಕ್ಕೆ ಬರೆದದ್ದಲ್ಲ, ತೋರಿಸುವುದಕ್ಕೆ. ಮುಂದಿನ ಪದರಗಳ ಫೋಟೋ ಯಾರಿಗೂ ಹೋಗಿಲ್ಲ. ಹೀಗಾಗಿ ಮನೆಯಲ್ಲಿ ಇಂದಿಗೂ ಮೊದಲ ಪದರದ ಆಳ್ವಿಕೆಯೇ ನಡೆದಿದೆ. ಆ ಲೆಕ್ಕದಲ್ಲಿ ಮಗ ಪಿಎಸ್‌ಎಂ ಮುಗಿಸಿ ಎರಡನೇ ರಿವಿಷನ್‌ನಲ್ಲಿದ್ದಾನೆ, ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾನೆ. ತಂದೆ ಅದನ್ನು ನೆಂಟರಿಗೂ ಹೇಳಿಯಾಗಿದೆ.

ಶಾಸನವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸುವ ಬಗ್ಗೆ ಮನೆಯ ಮಾಲೀಕರೊಂದಿಗೆ ಮಾತುಕತೆ ನಡೆಯಿತು. ಅವರು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿ, ಟೇಪಿನ ಜೊತೆ ಬಣ್ಣವೂ ಕಿತ್ತು ಬರುತ್ತದೆಂದೂ ಅದನ್ನು ಅಡ್ವಾನ್ಸಿನಲ್ಲಿ ಹಿಡಿಯುವುದಾಗಿಯೂ ತಿಳಿಸಿದರು.