ತಳಕ್ಕೆ ಮಾಫಿ, ಮುಚ್ಚಳಕ್ಕೆ ಶಿಕ್ಷೆ

ಫ್ಲಮಾನ್‌ವಿಲ್‌ನ ಕತೆ ಮತ್ತೆ ಹೇಳಬೇಕಿಲ್ಲ. ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಆ ಅಣುಸ್ಥಾವರದ ಮೂರನೆಯ ರಿಯಾಕ್ಟರ್ 2012ಕ್ಕೆ ಮುಗಿಯಬೇಕಿತ್ತು, ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ಅದರ ಒತ್ತಡ ಪಾತ್ರೆಯ ಮುಚ್ಚಳಕ್ಕೆ ಮಾತ್ರ ಮೊದಲ ಸಲ ಇಂಧನ ಬದಲಿಸಲು ಸ್ಥಾವರ ನಿಲ್ಲಿಸಿದಾಗಲೇ ನಿವೃತ್ತಿಯೆಂದು ತೀರ್ಪಾಗಿದೆ. ಅದನ್ನೇ ಮಾತಾಡಿಸಿದೆ.

ನಾನು: ಆರೋಗ್ಯ ಹೇಗಿದೆ?

ಮುಚ್ಚಳ: ಇಂಗಾಲ ಸ್ವಲ್ಪ ಜಾಸ್ತಿಯಂತೆ ಸ್ವಾಮಿ. ಶೇ. 0.22 ಇರಬೇಕಾದ ಕಡೆ 0.30. ಅದೂ ನನ್ನನ್ನು ಕೊಯ್ದು ನೋಡಿದ್ದಲ್ಲ. ಬೇರೆ ಯೋಜನೆಗೆಂದು ಮಾಡಿಟ್ಟಿದ್ದ ನನ್ನ ದಾಯಾದಿಯನ್ನು ಕೊಯ್ದು ನನಗೆ ರೋಗ ಬರೆದರು. ಹೋಗಲಿ, ಪಾತ್ರೆಯ ಆ ತಳ ಇದೆಯಲ್ಲ, ಅದೂ ನಾನು ಹುಟ್ಟಿದ ಲ ಕ್ರೂಸೋ ಕುಲುಮೆಯದೇ ಕೂಸು, ಅದಕ್ಕೂ ಇದೇ ರೋಗ. ಅದು ಉಳಿಯಿತು, ನಾನು ಹೊರಗೆ! ಅದನ್ನು ಬೆಸೆದಿದ್ದಾರೆ, ನನಗೆ ಬೋಲ್ಟು.

ನಾನು: ತಳವನ್ನು ಮುಂದೆಯೂ ತಪಾಸಣೆ ಮಾಡಬಹುದು, ನಿಮ್ಮನ್ನು ಮಾಡಲಾದೀತೆಂಬ ಖಾತ್ರಿಯಿಲ್ಲ ಎಂದಿತ್ತಲ್ಲ ಅಣು ಸುರಕ್ಷತಾ ಪ್ರಾಧಿಕಾರ?

ಮುಚ್ಚಳ: ತೂತುಗಳಿದ್ದರೆ ತಪಾಸಣೆ ಕಷ್ಟವಂತೆ. ಮೈತುಂಬ ತೂತು ಕೊರೆದವರು ಯಾರೋ, ತೂತಿರುವುದಕ್ಕೆ ತಪ್ಪಿತಸ್ಥ ನಾನು. 2024ರೊಳಗೆ ಬದಲಿಸಿ ಎಂದರು. ಸ್ಥಾವರವೇ ಶುರುವಾಗದೆ 2023ರಲ್ಲಿ ವಾಯಿದೆ ಮುಂದೂಡಿದರು.

ನಾನು: ಅದಿರಲಿ, ಒಪ್ಪಿಗೆ ಪತ್ರವಿಲ್ಲದೆ ಪಾತ್ರೆಯನ್ನು ಇಳಿಸಿದ್ದು ಹೇಗೆ? ನಮ್ಮ ಬೆಂಗಳೂರಿನಲ್ಲಿ ಒಸಿ (ಸ್ವಾಧೀನ ಪ್ರಮಾಣಪತ್ರ) ಇಲ್ಲದ ಹೊಸ ಕಟ್ಟಡಕ್ಕೆ ಕರೆಂಟ್ ಕೊಡಲು ತಕರಾರು. ನೀವು ಒಸಿ ಇಲ್ಲದೆ ಕರೆಂಟ್ ತಯಾರಿಸಲಿಕ್ಕೇ ಕೂತವರು!

ಮುಚ್ಚಳ: 2014ರ ಜನವರಿಯಲ್ಲಿ ಪಾತ್ರೆ ಇಳಿಯಿತು. ವರ್ಷದ ಕೊನೆಗೆ ಪರೀಕ್ಷೆ, 2015ರ ಏಪ್ರಿಲ್‌ನಲ್ಲಿ ರಂಪ, 2018ರ ಅಕ್ಟೋಬರಿನಲ್ಲಿ ಒಪ್ಪಿಗೆ. ಆದರೆ ಆ ತಳ...

ನಾನು: ಅಕ್ರಮ-ಸಕ್ರಮ ಅನ್ನಿ! ದಂಡ ಚದರಡಿ ಲೆಕ್ಕವೋ?

ಮುಚ್ಚಳ: ಜೂಲ್ ಲೆಕ್ಕ. ಏಟು ತಡೆದುಕೊಳ್ಳುವ ಶಕ್ತಿ 60 ಜೂಲ್ ಇರಬೇಕೆಂದು 2005ರ ಆದೇಶ. ಸರಾಸರಿ 52 ಬಂತು, ತೀರಾ ಕಡಿಮೆ ಎಂದರೆ 36. ಇನ್ನಷ್ಟು ಮಾದರಿ ಕೊಯ್ದು, ಲೆಕ್ಕ ಹಾಕಿ, ಇಷ್ಟಿದ್ದರೂ ನಡೆದೀತು ಎಂದರು. ತಳಕ್ಕೆ!

ನಾನು: ಯುರೋಪ್ ಒಕ್ಕೂಟದ ಸಿಇ ಮುದ್ರೆ?

ಮುಚ್ಚಳ: ಅದು ಕುಕ್ಕರಿಗೆ. ಒತ್ತಡದ ಸಲಕರಣೆಗಳ ಯುರೋಪ್ ನಿಯಮದಲ್ಲಿ ಅಡುಗೆಮನೆಯ ಪ್ರೆಶರ್ ಕುಕ್ಕರಿಗೂ ಜಾಗವಿದೆ. ಒಡೆದರೆ ವಿಕಿರಣ ಸೋರುವಂಥ ನಮ್ಮನ್ನು ಮಾತ್ರ ಹೊರಗಿಟ್ಟು, ಆಯಾ ದೇಶ ನೋಡಿಕೊಳ್ಳಲಿ ಎಂದಿದ್ದಾರೆ. ನನ್ನ ಕೆಳಗಿರುವ ಒತ್ತಡ 155 ಬಾರ್, ಸ್ವಾಮಿ.

ನಾನು: ಲ ಕ್ರೂಸೋದ ಕಡತಗಳು?

ಮುಚ್ಚಳ: ತಳ ಏನಾದರೂ ಹೇಳಿತೆ?

ಇಲ್ಲಿ ನನಗೆ ನಗು ಬರುತ್ತಿಲ್ಲ. ಉಕ್ಕಿನ ದೊಡ್ಡ ಗಟ್ಟಿ ತಣಿಯುವಾಗ ಇಂಗಾಲ ಮೇಲ್ತುದಿಗೆ ಸೇರುತ್ತದೆ. ಅದು ಲೋಹದ ಗುಣ, ಯಾರ ತಪ್ಪೂ ಅಲ್ಲ. ಆ ತುದಿಯನ್ನು ಸಾಕಷ್ಟು ಕತ್ತರಿಸಿ ಎಸೆಯಬೇಕು ಎಂಬುದೂ ಕುಲುಮೆಯವರಿಗೆ ಹೊಸ ಪಾಠವಲ್ಲ. ಆದರೆ 2016ರಲ್ಲಿ ಆ ಕುಲುಮೆಯ ಒಡೆಯ ಅರೇವಾ ಕಂಪನಿಯೇ ಒಪ್ಪಿಕೊಂಡಿತು: ಅಲ್ಲಿನ ಸುಮಾರು 400 ಕಡತಗಳಲ್ಲಿ ಏರುಪೇರು, ಕೆಲವು 1965ರಷ್ಟು ಹಳೆಯವು. ಒಳಗಿಟ್ಟುಕೊಂಡ ಕೆಲವು ಕಡತಗಳಿಗೆ ಗೆರೆ ಎಳೆದು ಗುರುತು ಹಾಕಿದ್ದರು. ಗಿರಾಕಿಗೂ ತನಿಖಾಧಿಕಾರಿಗೂ ತೋರಿಸಬೇಕಿದ್ದದ್ದು ಅಲ್ಲಿ ಅವಿತಿತ್ತು. ಫೆಸ್ಸೆನ್‌ಹೈಮ್‌ನ ಅಣುಸ್ಥಾವರದ ಎರಡನೆಯ ರಿಯಾಕ್ಟರಿನಲ್ಲಿ ಲ ಕ್ರೂಸೋದ ಭಾಗವಿದ್ದ ಉಗಿ ಉತ್ಪಾದಕದ ಪ್ರಮಾಣಪತ್ರವನ್ನೇ ಆ ಬೇಸಿಗೆ ಅಮಾನತು ಮಾಡಬೇಕಾಯಿತು. ಆ ಪತ್ರವನ್ನು ನಂಬಿ ರೈನ್ ನದಿಯ ಎರಡೂ ದಡದಲ್ಲಿ ಜನ ಮಕ್ಕಳನ್ನು ಮಲಗಿಸಿದ್ದರು. ಸುಳ್ಳು ಬರೆದವನಿಗೆ ಅವರ ಮನೆ ಗೊತ್ತಿರಲಿಲ್ಲ, ಅವರಿಗೆ ಅವನ ಹೆಸರು ಗೊತ್ತಿಲ್ಲ. ಬೆಸುಗೆ ಹಾಕಿಬಿಟ್ಟರೆ ಕಾನೂನು ಹಿಂದೆ ಬಂದೇ ಬರುತ್ತದೆ ಎಂಬ ಧೈರ್ಯ ಹುಟ್ಟುವುದು ಇಂಥ ಕಡತದ ಕೋಣೆಯಲ್ಲಿ.

ನಾನು: ಕೊನೆಯದಾಗಿ, ಆ 2018ರ ಒಪ್ಪಿಗೆಯ ನಕಲು ಸಿಗಬಹುದೆ? ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಮಾದರಿ ಹುಡುಕುತ್ತಿದ್ದಾರೆ.

ಮುಚ್ಚಳ: ನಿಮ್ಮ ಕಟ್ಟಡ ಬಿಚ್ಚಲು ಬರುತ್ತದೋ?

ನಾನು: ಹತ್ತು ಮಹಡಿ. ಎಲ್ಲಿ ಬಿಚ್ಚುವುದು?

ಮುಚ್ಚಳ: ಹಾಗಾದರೆ ಅರ್ಜಿ ಹಾಕಿ.