ಫೀಸಿಲ್ಲದ ವಕೀಲರು

ಊರಿನ ಪ್ರತಿ ಹೋಟೆಲಿನಲ್ಲೂ ಪಕ್ಷಾಭಿಮಾನಿಯೊಬ್ಬರು ಇದ್ದೇ ಇರುತ್ತಾರೆ. ಪಕ್ಷ ಅವರನ್ನು ನೇಮಿಸಿರುವುದಿಲ್ಲ, ವಕಾಲತ್ತು ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಅವರ ವಾದದ ಸೊಗಸು ಸವಿಯಬೇಕಾದರೆ ಪೆಟ್ರೋಲಿನ ಮಾತೆತ್ತಬೇಕು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ಸುಂಕವನ್ನು ಲೀಟರಿಗೆ 10 ರೂಪಾಯಿ ಏರಿಸಿತು. ಕಚ್ಚಾತೈಲ ಅಗ್ಗವಾಗಿದ್ದರೂ ಬಂಕಿನಲ್ಲಿ ದರ ಇಳಿಯಲಿಲ್ಲ. ಕಮಲದ ವಕೀಲರಿಗೆ ಅದರಲ್ಲಿ ದೇಶಸೇವೆ ಕಂಡಿತು, ಕೈ ಕಡೆಯವರಿಗೆ ಹಗಲುದರೋಡೆ. 2024ರ ಜೂನ್‌ನಲ್ಲಿ ರಾಜ್ಯದ ಕಾಂಗ್ರೆಸ್ ಸರ್ಕಾರ ತೆರಿಗೆ ಹೆಚ್ಚಿಸಿ ಪೆಟ್ರೋಲ್ 3 ರೂಪಾಯಿ ತುಟ್ಟಿಯಾದಾಗ ಇಬ್ಬರೂ ಕಡತ ಅದಲುಬದಲು ಮಾಡಿಕೊಂಡರು. ‘ಪಕ್ಕದ ರಾಜ್ಯದಲ್ಲಿ ಇನ್ನೂ ಜಾಸ್ತಿ ಕಣ್ರೀ, ಅಭಿವೃದ್ಧಿಗೆ ದುಡ್ಡು ಬೇಡ್ವಾ?’ ಇಬ್ಬರೂ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವುದು ಒಂದೇ ಬಂಕಿನಲ್ಲಿ.

ಇಂಥ ನಿಷ್ಠರಿಲ್ಲದಿದ್ದರೆ ಪಕ್ಷ ಉಳಿಯುವುದು ಹೇಗೆ ಎಂದು ಕೇಳಬಹುದು. ನಿಜ, ಬಿಸಿಲಲ್ಲಿ ಮನೆಮನೆಗೆ ಚೀಟಿ ಹಂಚುವವರು, ಬೂತಿನಲ್ಲಿ ಸಂಜೆಯವರೆಗೆ ಏಜೆಂಟರಾಗಿ ಕೂರುವವರು ಇವರೇ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಏನು ಮಾಡಿದರೂ ಬಂದೇ ಬರುವ ವೋಟಿಗೆ ಯಾವ ಸರ್ಕಾರ ಹೆದರೀತು? ಅದು ಹೆದರುವುದು ಮೂಲೆಯ ಮೇಜಿನಲ್ಲಿ ಸುಮ್ಮನೆ ಕಾಫಿ ಕುಡಿದು ಎದ್ದುಹೋಗುವವರಿಗೆ. 1984ರ ಡಿಸೆಂಬರಿನಲ್ಲಿ ಕರ್ನಾಟಕ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. ಅಲ್ಲಿಂದ 2023ರವರೆಗೆ ಆಳುವ ಪಕ್ಷವನ್ನು ಅವರು ಒಮ್ಮೆಯೂ ಗೆಲ್ಲಿಸಿ ವಾಪಸ್ ಕಳಿಸಿಲ್ಲ. (ಯಾವ ಕಡೆಗೂ ಸೇರದೆ ಇಬ್ಬರಿಂದಲೂ ಬೈಸಿಕೊಂಡು, ಅದನ್ನೇ ದೊಡ್ಡಸ್ತಿಕೆ ಎಂದುಕೊಳ್ಳುವ ನನ್ನಂಥವರದು ಬೇರೆಯೇ ಜಾತಿ.)

‘ಹಾಗಾದರೆ ಅತ್ತಿತ್ತ ವಾಲುವವನೇ ಜಾಣ, ನಿಂತಲ್ಲಿ ನಿಂತವನು ದಡ್ಡನೋ?’ ಎಂದು ವಕೀಲರು ಕೆರಳುತ್ತಾರೆ. ವಾಲುವುದರಲ್ಲಿ ನಾಯಕರನ್ನು ಮೀರಿಸಿದವರುಂಟೇ! ಮಂಡ್ಯದ ಜೆಡಿಎಸ್ ವಕೀಲರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮೈತ್ರಿಯ ಅಭ್ಯರ್ಥಿ, ಕುಮಾರಸ್ವಾಮಿಯವರ ಮಗ ನಿಖಿಲ್ ಪರ ವಾದಿಸಿ, ಬಿಜೆಪಿ ಬೆಂಬಲಿಸಿದ್ದ ಸುಮಲತಾ ಎದುರು ಸೋತರು. 2024ರ ಹೊತ್ತಿಗೆ ಸುಮಲತಾ ಬಿಜೆಪಿ ಸೇರಿದ್ದರು, ಅದೇ ಬಿಜೆಪಿಯ ಮೈತ್ರಿಯಲ್ಲಿ ಕುಮಾರಸ್ವಾಮಿ ಗೆದ್ದರು. ಬೈದಾಡಿಕೊಂಡ ನಾಯಕರು ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡರು. ಅವರಿಗಾಗಿ ಎದುರು ಬೆಂಚಿನ ಗೆಳೆಯನೊಡನೆ ಮಾತು ಬಿಟ್ಟಿದ್ದ ನಮ್ಮ ವಕೀಲರಿಗೆ ರಾಜಿಯ ಸುದ್ದಿ ತಿಳಿದದ್ದು ಟಿ.ವಿ.ಯಿಂದ. ಮರುದಿನವೇ ಹೊಸ ಮೈತ್ರಿಯ ಪರ ವಕಾಲತ್ತು ಶುರುವಾಯಿತು. ಗೆಳೆಯನ ಮೇಲಿನ ಹಳೆಯ ಕೇಸು ಮಾತ್ರ ಇನ್ನೂ ನಡೆಯುತ್ತಿದೆ.